ಬಾಗಿಲಲ್ಲಿ ನಿಂತ ಇಬ್ಬರು

ನಮ್ಮ ಕೆಮಿಸ್ಟ್ರಿ ಸರ್ ಅವರ ಬಲಗೈ ಹೆಬ್ಬೆರಳು ವರ್ಷವಿಡೀ ಕಪ್ಪಗಿರುತ್ತಿತ್ತು. ಸಿಲ್ವರ್ ನೈಟ್ರೇಟಿನ ಕಲೆ, ಯಾವ ಸೋಪಿಗೂ ಜಗ್ಗದ್ದು. ಬಸ್ಸಿನಲ್ಲಿ ಯಾರಾದರೂ ಅದನ್ನು ನೋಡಿ, "ಬಿದ್ರಿ ಕೆಲಸ ಮಾಡ್ತೀರೇನ್ರಿ?" ಎಂದು ಕೇಳಿದರೆ, "ಹೌದ್ರಿ, ಬೆಳ್ಳಿದೇ ಕೆಲಸ" ಎಂದುಬಿಡುತ್ತಿದ್ದರು. ಪಕ್ಕದಲ್ಲಿ ಕೂತ ನನಗೆ ನಗು ತಡೆಯುವುದೇ ಕಷ್ಟ.

ಠಾಣಾ ಕುಶನೂರಿನಿಂದ ಭಾಲ್ಕಿಯ ಕಾಲೇಜಿಗೆ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ತೊಗರಿ ಹೊಲಗಳ ಮೇಲೆ ಮಂಜು ಇನ್ನೂ ಮಲಗಿರುವ ಹೊತ್ತು. ಸರ್ ಅರೆಗಣ್ಣು ಮುಚ್ಚಿ, ತಮಗೆ ತಾವೇ ಎಂಬಂತೆ ಪಾಠ ಹೇಳುತ್ತಿದ್ದರು.

"ಬಸ್ಸಿನ ಒಳಗ ಎಷ್ಟು ಮಂದಿ ಕುಂತಾರ ಅದನ್ನ ಬಿಡು. ಬಾಗಿಲದಾಗ ಎಷ್ಟು ಮಂದಿ ನಿಂತಾರ, ಅದನ್ನ ನೋಡು. ಇಳಿಯೋರು ಅವರೇ. ಕ್ಯಾಲ್ಸಿಯಂ, ಸ್ಟ್ರಾನ್ಶಿಯಂ, ಬೇರಿಯಂ, ಮೂರೂ ಬಸ್ಸಿನ ಬಾಗಿಲದಾಗ ಇಬ್ಬಿಬ್ಬರೇ. ಅದಕ್ಕೇ ಮೂರರ ಸ್ವಭಾವ ಒಂದೇ."

"ಮತ್ತ ಬೇರಿಯಂ ಯಾಕ ಜಾಸ್ತಿ ಜೋರು ಮಾಡ್ತದ್ರಿ?"

"ದೊಡ್ಡ ಬಸ್ಸದು. ನ್ಯೂಕ್ಲಿಯಸ್ ಅನ್ನೋ ಕಂಡಕ್ಟರ್ ನಟ್ಟ ನಡುವೆ ಸಿಕ್ಕೊಂಡಾನ. ಬಾಗಿಲದೋರು ಅವನ ಕೈಗೆ ಸಿಗಂಗಿಲ್ಲ, ಲಗೂನೆ ಇಳದು ಹೋಗ್ತಾರ."

ಎಲೆಕ್ಟ್ರಾನುಗಳು ಅಂದಿನಿಂದ ನನಗೆ ಬಾಗಿಲ ಕಂಬಿ ಹಿಡಿದು ತೂಗಾಡುವ ಮಂದಿಯಾದವು.

ಆದರೆ ಲ್ಯಾಬಿನಲ್ಲಿ ನನ್ನ ಗತಿ ನಾಯಿಪಾಡು. ಕೊಟ್ಟ ಲವಣವನ್ನು ಉರಿಗೆ ಹಿಡಿದು, ಜ್ವಾಲೆಯ ಬಣ್ಣ ನೋಡಿ ಯಾವುದೆಂದು ಹೇಳಬೇಕು. ಇಟ್ಟಿಗೆ ಕೆಂಪಾದರೆ ಕ್ಯಾಲ್ಸಿಯಂ, ಕಡುಗೆಂಪಾದರೆ ಸ್ಟ್ರಾನ್ಶಿಯಂ, ತಿಳಿಹಸಿರಾದರೆ ಬೇರಿಯಂ. ನನ್ನ ಕಣ್ಣಿಗೆ ಮೂರೂ ಒಂದೇ ಮಂಕು ಹಳದಿ! ಬಾಯಿಗೆ ಬಂದದ್ದು ಹೇಳಿ ತಪ್ಪುತ್ತಿದ್ದೆ. ಪ್ರಾಕ್ಟಿಕಲ್ ಹೋದರೆ ಬಿ.ಎಸ್ಸಿ. ಕನಸೂ ಹೋದಂತೆ. ಒಂದು ಮುಂಜಾನೆ ಬಸ್ಸಿನಲ್ಲಿ ಹೇಳಿಯೇಬಿಟ್ಟೆ.

"ಸರ್, ಸೈನ್ಸ್ ಬಿಡ್ತೇನ್ರಿ. ನನಗ ಕೆಂಪು, ಹಸಿರು ಕಾಣಂಗಿಲ್ರಿ."

ಅವರು ಹಿಂದೆ ಮುಂದೆ ಕೂತವರನ್ನೊಮ್ಮೆ ನೋಡಿದರು. ಆಮೇಲೆ ತೀರಾ ಸಣ್ಣ ದನಿಯಲ್ಲಿ, "ನನಗೂ ಕಾಣಂಗಿಲ್ಲ" ಎಂದರು. "ಯಾರ ಮುಂದೂ ಹೇಳಬ್ಯಾಡ."

ಅಯ್ಯೋ ದೇವರೇ! "ಏನ್ ಬಣ್ಣ, ಹೇಳ್ರಿ ನೋಡೋಣ" ಎಂದು ಲ್ಯಾಬಿನಲ್ಲಿ ದಿನಾ ಕೇಳುತ್ತಿದ್ದರು. ನಮ್ಮ ಪರೀಕ್ಷೆ ಎಂದೇ ನಾವೆಲ್ಲ ತಿಳಿದಿದ್ದೆವು.

ಅಂದು ಸಂಜೆ ಲ್ಯಾಬಿನಲ್ಲಿ ಮೂರು ನಳಿಕೆಗಳಲ್ಲಿ ಮೂರು ದ್ರಾವಣ ಇಟ್ಟು, ಅಮೋನಿಯಂ ಕಾರ್ಬೊನೇಟ್ ಹನಿಸಿದರು. ಮೂರರಲ್ಲೂ ಬಿಳಿ ಮೋಡ ಎದ್ದು, ಇಳಿಬಿಸಿಲಿನಲ್ಲಿ ಮೆಲ್ಲಗೆ ತಳಕ್ಕಿಳಿಯಿತು.

"ನೋಡು, ಒಂದೇ ಗುಂಪಿನೋರು. ಈಗ ಒಬ್ಬೊಬ್ಬರನ್ನ ಬ್ಯಾರೆ ಬ್ಯಾರೆ ಮಾತಾಡಸೋಣ."

ಆ ಬಿಳುಪನ್ನು ಆಸಿಟಿಕ್ ಆಮ್ಲದಲ್ಲಿ ಕರಗಿಸಿ ಪೊಟ್ಯಾಸಿಯಂ ಕ್ರೋಮೇಟ್ ಹಾಕಿದಾಗ, ಬೇರಿಯಂ ಒಂದೇ ಹಳದಿ ಗಸಿಯಾಗಿ ತಳದಲ್ಲಿ ಕೂತಿತು. ಹಳದಿ! ಅದು ನನಗೆ ಕಾಣುತ್ತದೆ. ಸ್ಟ್ರಾನ್ಶಿಯಂ ಸಲ್ಫೇಟಿಗೆ ಒಲಿದು ಬಿಳಿ ಗಸಿಯಾಯಿತು, ಕ್ಯಾಲ್ಸಿಯಂ ಆಕ್ಸಲೇಟಿಗೆ. ಜ್ವಾಲೆಯ ಹಂಗೇ ಬೇಡ. ನಾನು ಕುಣಿಯುವುದೊಂದು ಬಾಕಿ.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಜ್ವಾಲೆಯ ಬಣ್ಣವನ್ನೇ ಕೇಳಿದರು. ಹಿಂದೆ ಸರ್ ನಿಂತಿದ್ದರು. "ನನಗ ಕಾಣಂಗಿಲ್ರಿ ಸರ್. ಆದ್ರ ಇದು ಬೇರಿಯಂ" ಎಂದು ಹಳದಿ ನಳಿಕೆ ಎತ್ತಿ ತೋರಿಸಿದೆ. ಪರೀಕ್ಷಕರು ಸರಿ ಎಂದು ತಲೆಯಾಡಿಸಿ ಮುಂದೆ ಹೋದರು. ಅಷ್ಟೇ, ಆಕಾಶವೇನೂ ಕಳಚಿ ಬೀಳಲಿಲ್ಲ.

ಮರಳುವಾಗ ಸರ್ ಅಂದರು, "ಅಷ್ಟು ಹೇಳೋದು ನನ್ನ ಕೈಲಿ ಆಗಲಿಲ್ಲ ನೋಡಪಾ."

ಈಗ ನಾನು ಬೀದರಿನಲ್ಲಿ ನೀರು ಪರೀಕ್ಷಿಸುವ ಲ್ಯಾಬಿನಲ್ಲಿದ್ದೇನೆ. ನನ್ನ ಅನ್ನ ಸರ್ ಕೊಟ್ಟದ್ದು. ಹೋದ ವರ್ಷ ಅವರು ತೀರಿಕೊಂಡಾಗ ಮನೆಗೆ ಹೋದೆ. ಅವರ ಹೆಂಡತಿ ಅಳುತ್ತಲೇ ನಕ್ಕು, "ಎಂಥಾ ಜಾಣ ಮನುಷ್ಯಾ, ಬಜಾರದಿಂದ ಬರೀ ಕಾಯಿ ಟೊಮ್ಯಾಟೊ ತರೋರು. ದಿನಾ ಬೈತಿದ್ದೆ" ಎಂದರು.

ನನಗೆ ತಡೆಯಲಾಗಲಿಲ್ಲ, ಸರ್ ಕಣ್ಣಿನ ಗುಟ್ಟು ಹೇಳಿಬಿಟ್ಟೆ. ಅವರು ಸೆರಗು ಬಾಯಿಗೊತ್ತಿಕೊಂಡರು.

"ನನಗೊಂದ್ ಮಾತ್ ಹೇಳಿದ್ರ ಆಗ್ತಿತ್ತಲ್ಲ ತಮ್ಮಾ," ಎಂದರು. "ಬಜಾರಕ್ಕ ನಾನೇ ಹೋಗ್ತಿದ್ದೆ."