ವಿರೋಧ ನನ್ನ ಪಾಲಿಗೆ ಬಂದ ಬಗೆ

ಚರ್ಚಾ ಸ್ಪರ್ಧೆಯಲ್ಲಿ ವಿರೋಧ ಮಾತಾಡೋದು ನನಗೆ ಹುಟ್ಟಿನಿಂದ ಬಂದದ್ದು ಅಂತ ಕಾಲೇಜಿನಲ್ಲಿ ಎಲ್ಲರೂ ಹೇಳುತ್ತಾರೆ. ಸಾಕ್ಷಿ ಎಲ್ಲಿದೆ? ಆ ಸುದ್ದಿ ಹಬ್ಬಿಸಿದವಳು ನಾನೇ ಆದ್ದರಿಂದ ಕೇಳುತ್ತಿದ್ದೇನೆ.

ತಂಡಕ್ಕೆ ಇಬ್ಬರು. ಒಬ್ಬರು ಪರ, ಒಬ್ಬರು ವಿರೋಧ. ಇಬ್ಬರ ಅಂಕ ಕೂಡಿಸಿ ಪಾರಿತೋಷಕ. ಹರಿಹರದಿಂದ ದಿನಾ ಬಸ್ಸಿಗೆ ಬರುವ ನನ್ನ ಗೆಳತಿ ಪರ, ನಾನು ವಿರೋಧ. ಈ ಸಲದ ಸ್ಪರ್ಧೆ ಅವಳ ಊರಿನಲ್ಲೇ. ಜೊತೆಗೆ ಯಾರು ಬೇಕೋ ನೀನೇ ಆರಿಸಿಕೋ ಎಂದು ಮೇಷ್ಟ್ರು ಅವಳಿಗೇ ಬಿಟ್ಟಿದ್ದರು; ಅವಳಿನ್ನೂ ಹೆಸರು ಕೊಟ್ಟಿರಲಿಲ್ಲ. ಮೊದಲ ವರ್ಷದ ಹುಡುಗಿಯೊಬ್ಬಳು ವಿರೋಧದಲ್ಲಿ ಬಲು ಜೋರಂತೆ ಅನ್ನೋ ಮಾತೂ ಓಡಾಡುತ್ತಿತ್ತು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ವಿಷಯ: ದೇಶ ತನಗೆ ಬೇಕಾದ್ದನ್ನೆಲ್ಲ ತಾನೇ ತಯಾರಿಸಿಕೊಳ್ಳಬೇಕು. ಎಂ.ಸಿ.ಸಿ. ಬಿ ಬ್ಲಾಕ್ ಬಡಾವಣೆಯ ನಮ್ಮ ಮನೆಯಲ್ಲಿ ಅಭ್ಯಾಸ. "ಒಂದು ದೇಶ ಬಟ್ಟೆ, ಯಂತ್ರ ಎರಡನ್ನೂ ಇನ್ನೊಂದು ದೇಶಕ್ಕಿಂತ ಚೆನ್ನಾಗಿ ಮಾಡಬಹುದು. ಆದರೂ ಯಾವುದರಲ್ಲಿ ಹೆಚ್ಚು ಮುಂದಿದೆಯೋ ಅದನ್ನೇ ಮಾಡಿ, ಉಳಿದದ್ದನ್ನು ಆ ದೇಶದಿಂದ ಕೊಂಡರೆ ಎರಡಕ್ಕೂ ಲಾಭ" ಎಂದು ಕೈ ಬೀಸುವಷ್ಟರಲ್ಲಿ ಕೆಮ್ಮು ಹತ್ತಿ ನೀರು ಕುಡಿಯಲು ಕೂತೆ. ಎಷ್ಟು ನಿಮಿಷ ಹಿಡಿಯುತ್ತೆ ನೋಡೋಣ ಅಂತ ಗೆಳತಿಯೇ ನನ್ನ ಭಾಷಣ ಹೇಳಿದಳು. ಚೀಟಿ ನೋಡಲಿಲ್ಲ. ನನಗೆ ಹೊಳೆಯದೆ ಹೋದ ಒಂದು ವಾದವನ್ನೂ ಸೇರಿಸಿದಳು.

ಅಡುಗೆಮನೆಯಿಂದ ಅಮ್ಮ, "ಈಗ ತಿಳೀತು ನೋಡವ್ವ. ಎರಡೂ ನೀನೇ ಹೇಳಿಬಿಡು" ಅಂದಳು.

"ಒಬ್ರೇ ಎರಡೂ ಹೇಳಂಗಿಲ್ರಿ ಆಂಟಿ, ನಿಯಮ ಐತೆ."

ನನಗೆ ಉರಿಯಿತು. "ಇಷ್ಟು ಬರೋದಾದ್ರೆ ವಿರೋಧ ನನಗ್ಯಾಕ ಕೊಟ್ಟೆ?"

"ಪರ ಮಾತಾಡಿದ್ರೆ ನೀನು ಜನಾನ ಮಲಗಿಸ್ತಿ. ವಿರೋಧದಾಗೆ ಬರೇ ತಲೆ ತಿಂತಿ. ಅದ್ರಾಗೆ ನಷ್ಟ ಕಡಿಮೆ."

ಬಟ್ಟೆ-ಯಂತ್ರದ ಈ ಸಿದ್ಧಾಂತ ಹೇಳಿ ಊರೂರಲ್ಲಿ ಚಪ್ಪಾಳೆ ಗಿಟ್ಟಿಸಿದವಳು ನಾನು. ಅದರಲ್ಲಿ ಬರುವ ಎರಡನೇ ದೇಶ, ಎರಡರಲ್ಲೂ ಹಿಂದಿರುವ ಆ ಬಡಪಾಯಿ, ನಾನೇ ಇರಬಹುದೆಂದು ಒಮ್ಮೆಯೂ ಅನ್ನಿಸಿರಲಿಲ್ಲ. ಚಟ ಬಿಡುತ್ತದೆಯೇ, ತಕ್ಷಣ ಮನಸ್ಸಿನಲ್ಲೇ ಪ್ರತಿವಾದ ಹೂಡಿದೆ: ಹಿಂದಿದ್ದವರಿಗೂ ವ್ಯಾಪಾರದಲ್ಲಿ ಜಾಗ ಉಂಟು ಅಂತಲೇ ತಾನೆ ಸಿದ್ಧಾಂತ ಹೇಳೋದು? ಹೇಳುತ್ತದೆ, ನಿಜ. ಮುಂದಿರುವ ದೇಶ ಯಾವಾಗಲೂ ಅದೇ ಅಂಗಡಿಯಲ್ಲಿ ಕೊಳ್ಳಬೇಕು ಅಂತ ಮಾತ್ರ ಎಲ್ಲೂ ಹೇಳುವುದಿಲ್ಲ.

ಬಸ್ಸಿನ ಹೊತ್ತಾಯಿತೆಂದು ಅವಳು ಚಪ್ಪಲಿ ಮೆಟ್ಟತೊಡಗಿದಳು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಲೇ, ನಾಳೆ ಮೇಷ್ಟ್ರಿಗೆ ಯಾರ ಹೆಸರು ಹೇಳ್ತಿ, ನಂದಾ, ಆ ಮೊದಲ್ನೇ ವರ್ಷದ ಹುಡುಗೀದಾ?"