ವಂಚಕರ ಸುದ್ದಿಗೆ ನಾನಿಟ್ಟ ನಿಮ್ಮ ಮುಖ

ಸದಾನಂದಣ್ಣಾ, ವೀಸಾ ವಂಚಕರ ಸುದ್ದಿಯಲ್ಲಿ ನಿಮ್ಮ ಮುಖ ತೋರಿಸಿದ್ದು ನಾನು. ಅದು ಸುದ್ದಿ ಏಜೆನ್ಸಿಯಿಂದ ಬಂದ ವಿಡಿಯೋ ಎಂದು ಅಂದು ನಿಮ್ಮ ಮುಖ ನೋಡಿಕೊಂಡೇ ಹೇಳಿದೆನಲ್ಲ — ಅದು ಸುಳ್ಳು. ಅದನ್ನು ಹುಡುಕಿದ್ದು, ಕತ್ತರಿಸಿದ್ದು, ಜೋಡಿಸಿದ್ದು ಎಲ್ಲ ನನ್ನ ಕೈ.

ಬಹರೈನಿನ ಮನಾಮಾದಲ್ಲಿರುವ ನಮ್ಮ ಚಾನೆಲ್ ಎಷ್ಟು ಸಣ್ಣದೆಂದು ನೀವೇ ಬಂದು ನೋಡಿದ್ದೀರಿ. ಶುಕ್ರವಾರದ ಕನ್ನಡ ಸುದ್ದಿಯನ್ನು ಬರೆಯುವವಳೂ ನಾನೇ, ಓದುವವಳೂ ನಾನೇ, ದೃಶ್ಯ ಜೋಡಿಸುವವಳೂ ನಾನೇ. ಮಲಯಾಳಿ ಬಾಸ್‌ಗೆ ಕನ್ನಡ ಬಾರದು. ತಪ್ಪು ಹಿಡಿಯುವವರು ಯಾರೂ ಇರಲಿಲ್ಲ, ಅದರ ಕೊಬ್ಬೂ ನನಗೆ ಸ್ವಲ್ಪ ಇತ್ತು.

ಆ ದೀಪಾವಳಿಗೆ ಉಮ್ ಅಲ್ ಹಸ್ಸಮ್‌ನ ನಿಮ್ಮ ಹೊಲಿಗೆ ಅಂಗಡಿಗೆ ಬಂದಿದ್ದೆವು, ಹಬ್ಬದ ಬಟ್ಟೆಯ ಗಡಿಬಿಡಿ ತೋರಿಸಲು. ಮಾತು ಮುಗಿದ ಮೇಲೆ ನಿಮ್ಮನ್ನು ಗಲ್ಲಿಯಲ್ಲಿ ನಡೆಸಿದೆ. ಟಿವಿಯವರ ಚಾಳಿ ಅದು — ಯಾರನ್ನು ಕಂಡರೂ ಒಂದಿಷ್ಟು ನಡೆಸಿ ಚಿತ್ರ ತೆಗೆದಿಟ್ಟುಕೊಳ್ಳುತ್ತೇವೆ, ಯಾವುದಕ್ಕಾದರೂ ಬೇಕಾಗುತ್ತದೆಂದು. "ಇನ್ನೊಮ್ಮೆ ನಡೀರಿ ಅಣ್ಣ" ಎಂದಾಗ, "ಎಂತ ಮಾರಾಯ್ರೆ, ಮದುಮಗನನ್ನು ನಡೆಸಿದ ಹಾಗೆ ನಡೆಸ್ತೀರಲ್ಲ" ಎಂದು ಕ್ಯಾಮೆರಾ ಕಡೆ ತಿರುಗಿ ನಕ್ಕಿರಿ.

ಕೆಲವು ತಿಂಗಳ ಬಳಿಕ ವೀಸಾ ಕೊಡಿಸುತ್ತೇನೆಂದು ಊರಿನ ಹುಡುಗರಿಂದ ದುಡ್ಡು ನುಂಗಿದವರ ಸುದ್ದಿ ಬಂತು. ತೋರಿಸಲು ಒಂದು ಚಿತ್ರವೂ ಇರಲಿಲ್ಲ. ನಾನು ಬರೆದ ಸಾಲು — "ಇಂಥವರು ನಮ್ಮ ನಡುವೆಯೇ ಓಡಾಡುತ್ತಿದ್ದಾರೆ." ಓಡಾಡುತ್ತಿದ್ದಾರೆ ಎಂದ ಮೇಲೆ ಯಾರಾದರೂ ಓಡಾಡಬೇಕಲ್ಲ! ಹಳೆಯ ದೃಶ್ಯಗಳಲ್ಲಿ ನಿಮ್ಮದು ಸಿಕ್ಕಿತು. ಮುಖ ಮಸುಕು ಮಾಡಬೇಕಿತ್ತು, 'ಸಂಗ್ರಹ ಚಿತ್ರ' ಎಂದಾದರೂ ಬರೆಯಬೇಕಿತ್ತು. ಊಟಕ್ಕೆ ಹೊತ್ತಾಗಿತ್ತು — ಇಷ್ಟೇ, ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ನನ್ನಲ್ಲಿಲ್ಲ. ಆ ಮಾತಿಗೆ ಸರಿಯಾಗಿ ನೀವು ತಿರುಗಿ ನಗುತ್ತಿದ್ದಿರಿ. ಎಷ್ಟು ಚೆನ್ನಾಗಿ ಕೂತಿತು ಎಂದುಕೊಂಡೆ! ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅಷ್ಟನ್ನೇ ಕತ್ತರಿಸಿ ಯಾರೋ ವಾಟ್ಸ್ಯಾಪಿಗೆ ಬಿಟ್ಟರು. ನಿಮ್ಮ ರೂಮಿನವರು ನೋಡಿದರು, ಊರಿನವರು ನೋಡಿದರು. ಹೊಲಿಯಲು ಕೊಟ್ಟ ಬಟ್ಟೆಗಳನ್ನು ಗಿರಾಕಿಗಳು ವಾಪಸ್ ಒಯ್ದರು. ಆಗ ನೀವು ಆಫೀಸಿಗೆ ಬಂದಿರಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಬೈಯಲಿಲ್ಲ.

"ಅದು ನಾನಲ್ಲ ಅಂತ ಒಂದು ಮಾತು ಟಿವಿಯಲ್ಲಿ ಹೇಳಿಬಿಡಿ ಮೇಡಂ. ಬೇರೆ ಎಂತದೂ ಬೇಡ."

ಒಂದೇ ಮಾತು. ಆದರೆ ಆ ತಿಂಗಳು ನನ್ನ ವೀಸಾ ನವೀಕರಣವಿತ್ತು. ತಪ್ಪೊಪ್ಪಿಕೊಂಡರೆ ಬಾಸ್ ನನ್ನನ್ನೇ ವಿಮಾನ ಹತ್ತಿಸುತ್ತಾರೆಂಬ ಹೆದರಿಕೆ — ಹತ್ತಿಸುತ್ತಿದ್ದರೋ ಇಲ್ಲವೋ, ಕೇಳಿ ನೋಡಲೂ ಇಲ್ಲ. "ಏಜೆನ್ಸಿಯಿಂದ ಬಂದದ್ದಣ್ಣ, ನಮ್ಮ ಕೈಯಲ್ಲಿ ಎಂತದೂ ಇಲ್ಲ" ಎಂದೆ. ಚಹಾ ತರಿಸಿದೆ. ನೀವು ಕುಡಿದು, "ಪಾಪ, ನೀವೆಂತ ಮಾಡ್ತೀರಿ" ಎಂದು ನನ್ನನ್ನೇ ಸಮಾಧಾನ ಮಾಡಿ ಹೋದಿರಿ.

ಅಂಗಡಿಯ ಮಾಲೀಕ ಅರಬ್ಬಿ ನಿಮ್ಮನ್ನು ಕೆಲಸದಿಂದ ತೆಗೆದರು, ನೀವು ಊರಿಗೆ ಹೋದಿರಿ. ಅಲ್ಲಿಯೂ ನಿಜವಾಗಿ ಮೋಸಹೋದ ಮನೆಯವರು ನಿಮ್ಮ ಅಂಗಳಕ್ಕೆ ಬಂದು ದುಡ್ಡು ಕೇಳುತ್ತಿದ್ದರಂತೆ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ನಿಮ್ಮ ಮಗಳ ಎದುರಿಗೇ ನಿಮ್ಮ ಕಾಲರ್ ಹಿಡಿದನಂತೆ. ಇದೆಲ್ಲ ನನ್ನ ಕಿವಿಗೂ ಬಿತ್ತು. ಕೇಳಿಸಿಕೊಂಡು ಶುಕ್ರವಾರ ಶುಕ್ರವಾರ ತಲೆ ಬಾಚಿ, ನಗುನಗುತ್ತಾ ಸುದ್ದಿ ಓದಿದೆ. ವರ್ಷಗಳೇ ಓದಿದೆ.

ಮೊನ್ನೆ ಧೈರ್ಯ ಮಾಡಿ ನಿಮ್ಮ ನಂಬರು ಹುಡುಕಿ ಫೋನ್ ಮಾಡಿದೆ. ಎತ್ತಿದ್ದು ನಿಮ್ಮ ಮಗಳು. ಹೆಸರು ಹೇಳಿದ್ದೇ ತಡ, "ಬಹರೈನಿನ ಆ ಒಳ್ಳೆ ಮೇಡಮ್ಮಾ? ಅಪ್ಪ ಯಾವಾಗಲೂ ಹೇಳ್ತಾರೆ, ಆಗ ಎಲ್ಲರೂ ದೂರ ಮಾಡಿದ್ರು, ಕೂರಿಸಿ ಚಾ ಕೊಟ್ಟದ್ದು ನೀವೊಬ್ರೇ ಅಂತ. ನಿಲ್ಲಿ, ಅಪ್ಪನಿಗೆ ಕೊಡ್ತೇನೆ" ಎಂದಳು.

ಆಚೆಯಿಂದ ನಿಮ್ಮ "ಹಲೋ" ಕೇಳಿತು. ನಾನು — ನಾನು ಫೋನ್ ಇಟ್ಟುಬಿಟ್ಟೆ.

ಅದಕ್ಕೇ ಬರೆಯುತ್ತಿದ್ದೇನೆ. ಈ ಶುಕ್ರವಾರ ನೇರ ಪ್ರಸಾರವಿದೆ. ಮೊದಲ ಸುದ್ದಿಯಾಗಿ ನಿಮ್ಮ ಹೆಸರು, ನನ್ನ ತಪ್ಪು, ನಾನು ಹೇಳಿದ ಸುಳ್ಳು, ಮೂರನ್ನೂ ಓದುತ್ತೇನೆ. ಆಮೇಲೆ ಕೆಲಸ ಹೋಗಬಹುದು, ಹೋಗಲಿ. ಅದರಿಂದ ನಿಮ್ಮ ವರ್ಷಗಳು ತಿರುಗಿ ಬರುವುದಿಲ್ಲವೆಂದು ಗೊತ್ತು. ಕ್ಷಮೆ ಕೇಳುವ ಮುಖ ನನಗಿಲ್ಲ.

ಒಂದೇ ಕೋರಿಕೆ. ಅದನ್ನು ನಿಮ್ಮ ಮಗಳು ಟಿವಿಯಲ್ಲಿ ಕೇಳುವ ಮೊದಲು ನೀವೇ ಅವಳಿಗೆ ಹೇಳಿ — ಆ ಒಳ್ಳೆಯ ಮೇಡಂ ಅಲ್ಲಿ ಇರಲೇ ಇಲ್ಲವೆಂದು.