ಹೊಗೆಯಿಲ್ಲದ ಕೆಂಡ

ಕೋವಿಡ್ ವಾರ್ಡುಗಳನ್ನು ಮುಚ್ಚಿ, ಆಸ್ಪತ್ರೆಗಳು ಮತ್ತೆ ಹೆರಿಗೆ, ಹಾವು ಕಡಿತ, ನೆಗಡಿ ಜ್ವರಗಳಿಗೆ ಮರಳಿದ್ದ ವರ್ಷ ಅದು. ನಾನು ಶಿಗ್ಗಾಂವಿ ತಾಲ್ಲೂಕಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ನಿವೃತ್ತಿ ಹತ್ತಿರ ಬಂದಿತ್ತು. ನನ್ನ ಊರು ಹಿರೇಕೆರೂರು. ನೌಕರಿಯುದ್ದಕ್ಕೂ ಹಾನಗಲ್ಲು, ಸವಣೂರು, ಶಿಗ್ಗಾಂವಿ ಎಂದು ಇಷ್ಟರಲ್ಲೇ ಸುತ್ತಿದವಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ನರ್ಸುಗಳು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಎದುರಿಗೇ ಹೇಳಿದ್ದರೂ ಒಪ್ಪಿಕೊಳ್ಳುತ್ತಿದ್ದೆ.

ಆ ಡಿಸೆಂಬರಿನಲ್ಲಿ ಥಂಡಿ ಜೋರಾಗಿತ್ತು. ನಮ್ಮ ಭಾಗದಲ್ಲಿ ಹಿಮ ಬೀಳುವುದಿಲ್ಲ, ನೀರು ಹೆಪ್ಪುಗಟ್ಟುವುದಿಲ್ಲ. ಹಾಗಾಗಿ ಇಲ್ಲಿ ಚಳಿಯಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ಹೊರಗಿನವರು ತಿಳಿಯುತ್ತಾರೆ. ಗೋವಿನಜೋಳ ಕಿತ್ತು ಬಯಲಾದ ಹೊಲಗಳ ಮೇಲೆ ಮೂಡಣ ಗಾಳಿ ಬೀಸತೊಡಗಿದರೆ ತಗಡಿನ ಕೆಳಗೆ ಮಲಗುವವರಿಗೆ ಅದು ಎಲುಬಿಗೇ ತಾಕುತ್ತದೆ. ಅಂಥ ಒಂದು ತಗಡಿನ ಕೆಳಗೆ ಸಂಸಾರ ಹೂಡಿದ್ದವರು ಸವಣೂರಿನ ಹಜರತಬಿ.

ಅವರದು ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ. ಗಂಡ ತೀರಿಕೊಂಡ ಮೇಲೆ ಮಗ ದಾವಲಸಾಬ ಹಳೆಯದೊಂದು ಟೆಂಪೊ ಕೊಂಡಿದ್ದ. ಹಿಂದಿನ ತಗಡಿನ ಡಬ್ಬಿಯಲ್ಲಿ ಅರ್ಧ ಹತ್ತಿ ಹಿಂಜುವ ಯಂತ್ರಕ್ಕೆ, ಇನ್ನರ್ಧ ಸಂಸಾರಕ್ಕೆ. ದೀಪಾವಳಿ ಮುಗಿದ ಮೇಲೆ ತಾಯಿ, ಮಗ, ಸೊಸೆ ಮೂವರೂ ಹೊರಟರೆ ಹಿರೇಕೆರೂರಿನ ಹಳ್ಳಿಗಳು, ಹಾನಗಲ್ಲು, ಆಡೂರು, ದುಂಡಸಿ ಎಂದು ಊರೂರು ತಿರುಗಿ, ಜನರ ಗಟ್ಟಿಯಾದ ಹಳೆ ಗಾದಿ ಬಿಚ್ಚಿ, ಹಿಂಜಿ, ಹೊಸದಾಗಿ ಹೊಲಿದುಕೊಡುತ್ತಿದ್ದರು. ಜನ ಅದನ್ನು ಗಾದಿ ಗಾಡಿ ಎಂದೇ ಕರೆಯುತ್ತಿದ್ದರು. ಥಂಡಿ ತಡೆಯಲೆಂದು ಹಜರತಬಿ ಡಬ್ಬಿಯ ಒಳಗೋಡೆಗೆಲ್ಲ ರೆಕ್ಸಿನ್ ಹೊಡೆಸಿ, ತಗಡಿಗೂ ಅದಕ್ಕೂ ನಡುವೆ ಉಳಿಕೆ ಹತ್ತಿ ತುಂಬಿದ್ದರು. ಬಾಗಿಲಿನ ಸಂದುಗಳಿಗೂ ಹತ್ತಿಯ ಪಟ್ಟಿ ಹೊಲಿದು ಕೂರಿಸಿದ್ದರು. ಗಾದಿಗೆ ಹಾಕುವಷ್ಟೇ ಒಪ್ಪವಾದ ಹೊಲಿಗೆ.

ಸೊಸೆ ಶಮಶಾದಳದು ಚೊಚ್ಚಲ ಹೆರಿಗೆ. ಅವಳಿಗೆ ತಾಯಿ ಇರಲಿಲ್ಲ, ಹೀಗಾಗಿ ತವರಿಗೆ ಹೋಗುವ ಮಾತೇ ಬರಲಿಲ್ಲ. ನಮ್ಮಲ್ಲೇ ಸುಸೂತ್ರವಾಗಿ ಹೆಣ್ಣು ಕೂಸು ಹುಟ್ಟಿತು. ಹಜರತಬಿ ವಾರ್ಡಿಗೆಲ್ಲ ಸಕ್ಕರೆ ಹಂಚಿದರು. ಹೆಣ್ಣು ಹುಟ್ಟಿದರೆ ಮುಖ ಗಂಟು ಹಾಕುವ ಅತ್ತೆಯರನ್ನೇ ಹೆಚ್ಚು ಕಂಡಿದ್ದ ನನಗೆ ಅವರು ಅಂದೇ ಮನಸ್ಸಿಗೆ ಹಿಡಿಸಿದ್ದರು. ಸವಣೂರಿನಲ್ಲಿ ಅವರಿಗೊಂದು ಬಾಡಿಗೆ ಕೋಣೆ ಇತ್ತು. ಬಾಣಂತಿತನ ಅಲ್ಲೇ ಎಂದು ಹೇಳಿ ಹೋದರು, ಹೋಗಿದ್ದೂ ಅಲ್ಲಿಗೇ. ಕೆಲವು ದಿನಗಳಲ್ಲಿ ದುಂಡಸಿಯಿಂದ ಮದುವೆ ಮನೆಯೊಂದರ ಗಾದಿಗಳ ಕೆಲಸ ಬಂತು. ಹಂಗಾಮಿನಲ್ಲಿ ಬಂದ ಕೆಲಸ ಬಿಡುವಂತಿರಲಿಲ್ಲ, ಬಾಣಂತಿಯನ್ನು ಒಬ್ಬಳನ್ನೇ ಬಿಡುವಂತೆಯೂ ಇರಲಿಲ್ಲ. ಎಲ್ಲರೂ ಗಾಡಿ ಹತ್ತಿದರು.

ನಮ್ಮ ಕಡೆ ಬಾಣಂತಿಗೆ ಕಾಸುವ ಪದ್ಧತಿ ಇದೆ. ಅವಳು ಮಲಗುವ ಹೊರಸಿನ ಕೆಳಗೆ ಕೆಂಡ ತುಂಬಿದ ಕಬ್ಬಿಣದ ಶೇಗಡಿ ಇಡುತ್ತಾರೆ. ಸೊಂಟ ಗಟ್ಟಿಯಾಗುತ್ತದೆ, ಕೂಸು ಬೆಚ್ಚಗಿರುತ್ತದೆ ಎಂದು. ಜಾತಿ ಧರ್ಮದ ಭೇದ ಇದಕ್ಕಿಲ್ಲ. ಡಾಕ್ಟರಾಗಿದ್ದರೂ ನನ್ನ ಎರಡೂ ಬಾಣಂತಿತನದಲ್ಲಿ ನಮ್ಮ ಅವ್ವ ಹಿರೇಕೆರೂರಿನ ಮನೆಯಲ್ಲಿ ನನಗೆ ಹೀಗೆಯೇ ಕಾಸಿದ್ದಳು. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ನನ್ನ ಸಿಟ್ಟೆಲ್ಲ ಅವಳಿಂದ ಬಂದದ್ದು.

ಒಂದು ಮುಂಜಾನೆ ಹೊರರೋಗಿಗಳ ಸರದಿ ಆಗಷ್ಟೇ ಶುರುವಾಗಿತ್ತು. ಗಾದಿ ಗಾಡಿ ಹಾರ್ನ್ ಬಾರಿಸುತ್ತ ಆವರಣದೊಳಕ್ಕೇ ಬಂದು ನಿಂತಿತು. ದಾವಲಸಾಬ ಹೆಂಡತಿಯನ್ನು ಎತ್ತಿಕೊಂಡು ಒಳಗೆ ಓಡಿಬಂದ. ಹಿಂದೆ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹಜರತಬಿ. ನಾನು ಶಮಶಾದಳ ನಾಡಿ ಹಿಡಿದೆ, ಕಣ್ಣಿಗೆ ಟಾರ್ಚ್ ಬಿಟ್ಟೆ, ಇಸಿಜಿ ಹಚ್ಚಿಸಿದೆ. ಗೆರೆ ನೇರವಾಗಿ ಓಡಿತು. ಅವಳು ಹೋಗಿ ಹೊತ್ತಾಗಿತ್ತು.

ಹೇಳಿದರೆ ಹಜರತಬಿ ನಂಬಲಿಲ್ಲ. ನನ್ನ ಕೈ ಹಿಡಿದು ಸೊಸೆಯ ಕೆನ್ನೆಯ ಮೇಲೆ ಇಟ್ಟರು.

“ಮಾರಿ ನೋಡ್ರಿ ಬಾಯಾರ, ಎಷ್ಟ್ ಕೆಂಪಗ ಐತಿ. ಮೈ ಇನ್ನೂ ಬೆಚ್ಚಗ ಐತ್ರಿ. ಜೀವ ಐತಿ, ಒಂದ್ ಸೂಜಿ ಮಾಡ್ರಿ.”

ಸತ್ತವರ ಮುಖ ಬಿಳಚಿಕೊಳ್ಳುತ್ತದೆ. ಈ ಹುಡುಗಿಯ ಕೆನ್ನೆ, ತುಟಿ, ಉಗುರಿನ ಬುಡ ಎಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ವಿಷಾನಿಲದ ಬಗ್ಗೆ ಪಾಠ ಹೇಳುವಾಗ ನಮ್ಮ ಪ್ರಾಧ್ಯಾಪಕರು ಮೊದಲು ಹೇಳುತ್ತಿದ್ದದ್ದೇ ಈ ಬಣ್ಣದ ಮಾತು. ಗಾಳಿ ಸಾಲದೆ ಉರಿಯುವ ಇದ್ದಿಲಿನಿಂದ ಕಾರ್ಬನ್ ಮೋನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರಿಸುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ರಕ್ತ ಕೆಂಪಗೇ ಇರುತ್ತದೆ, ಜೀವಕ್ಕೆ ಬೇಕಾದದ್ದು ಮಾತ್ರ ಅದರಲ್ಲಿ ಇರುವುದಿಲ್ಲ.

ನಾನು ತಕ್ಷಣ ಕೂಸನ್ನು ಕಿತ್ತುಕೊಂಡೆ ಎಂದೇ ಹೇಳಬೇಕು. ಅದು ಮಂಕಾಗಿತ್ತು, ಅಳುತ್ತಿರಲಿಲ್ಲ, ಬೆರಳು ಕೊಟ್ಟರೆ ಚೀಪುತ್ತಿರಲಿಲ್ಲ. ಸಿಸ್ಟರ್ ಕೂಸಿನ ಪಾದಕ್ಕೆ ಪಲ್ಸ್ ಆಕ್ಸಿಮೀಟರ್ ಹಚ್ಚಿ, ತೊಂಬತ್ತೊಂಬತ್ತು ಇದೆ ಮೇಡಂ, ಕೂಸು ಆರಾಮಿದೆ ಎಂದರು. ಕೋವಿಡ್ ಕಾಲದಲ್ಲಿ ನಾವೆಲ್ಲ ಆ ಪುಟ್ಟ ಯಂತ್ರವನ್ನು ದೇವರಂತೆ ನಂಬಿದ್ದೆವು. ಈ ಅನಿಲದ ಮುಂದೆ ಅದು ಕುರುಡು. ಹಿಮೋಗ್ಲೋಬಿನ್ನಿಗೆ ಅಂಟಿದ್ದು ಆಮ್ಲಜನಕವೋ ವಿಷವೋ ಅದಕ್ಕೆ ತಿಳಿಯುವುದಿಲ್ಲ, ಎರಡನ್ನೂ ಒಟ್ಟಿಗೇ ಲೆಕ್ಕ ಹಾಕುತ್ತದೆ. ಅಂಕಿ ನೋಡಬೇಡಿ, ಕೂಸನ್ನು ನೋಡಿ ಎಂದು ಗದರಿ ಪೂರ್ತಿ ಆಮ್ಲಜನಕ ಹಚ್ಚಿಸಿದೆ. ಬರಿಯ ಗಾಳಿಯಲ್ಲಾದರೆ ಆ ವಿಷ ಬಿಡಲು ತಾಸುಗಟ್ಟಲೆ ಬೇಕು. ಜಿಲ್ಲಾ ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ಫೋನು ಮಾಡಿ, ಅವರು ಹೇಳಿದಂತೆ ನಡೆದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಕೂಸು ಕಿರುಚಿ ಅತ್ತಿತು.

ಆವರಣದಲ್ಲೇ ನಿಂತಿದ್ದ ಗಾಡಿಯೊಳಗೆ ಹತ್ತಿ ನೋಡಿದೆ. ಹೊರಸಿನ ಕೆಳಗೆ ಶೇಗಡಿ, ಬೂದಿಯಲ್ಲಿ ಇನ್ನೂ ಕಾವಿತ್ತು. ನಡೆದದ್ದನ್ನು ದಾವಲಸಾಬ ಹೇಳಿದ. ದುಂಡಸಿಗೆ ಬಂದಾಗಿನಿಂದ ಶಮಶಾದ ಮುಂಜಾನೆ ಎದ್ದರೆ ತಲೆನೋವು ಎನ್ನುತ್ತಿದ್ದಳು, ಹಜರತಬಿಗೂ ತಲೆ ಭಾರವಾಗಿರುತ್ತಿತ್ತು, ಹೊರಗೆ ಕೂತು ಚಹಾ ಕುಡಿದರೆ ಇಳಿಯುತ್ತಿತ್ತು. ನಿದ್ದೆಗೆಟ್ಟದ್ದಕ್ಕೆ ಹಾಗೆ ಎಂದುಕೊಂಡಿದ್ದರು. ಅವನು ಮುಂದಿನ ಕ್ಯಾಬಿನ್ನಿನಲ್ಲಿ, ಹೆಂಗಸರಿಬ್ಬರೂ ಕೂಸಿನೊಡನೆ ಹಿಂದಿನ ಡಬ್ಬಿಯಲ್ಲಿ ಮಲಗುತ್ತಿದ್ದರು. ಆ ದಿನ ಬೆಳಗಿನ ಜಾವ ಕೂಸು ರಗಳೆ ಮಾಡಿತ್ತು. ಬಾಣಂತಿ ಒಂದಿಷ್ಟು ನಿದ್ದೆ ಮಾಡಲಿ ಎಂದು ಹಜರತಬಿ ಕೂಸನ್ನು ಎತ್ತಿಕೊಂಡು ಕ್ಯಾಬಿನ್ನಿಗೆ ಬಂದರು. ಬರುವ ಮುಂಚೆ ಶೇಗಡಿಗೆ ಹೊಸ ಕೆಂಡ ಹಾಕಿ, ಗಾಳಿ ಹೋಗದಂತೆ ಬಾಗಿಲು ಬಿಗಿಯಾಗಿ ಎಳೆದು ಬಂದಿದ್ದರು. ಅದರಿಂದಲೇ ಕೂಸು ಉಳಿಯಿತು, ಅದರಿಂದಲೇ ತಾಯಿ ಹೋದಳು.

ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಹೀಗೆ ಸತ್ತರೆ ತಹಶೀಲ್ದಾರರೇ ಬಂದು ವಿಚಾರಣೆ ಮಾಡಬೇಕು, ಶವಪರೀಕ್ಷೆ ಆಗಲೇಬೇಕು. ಎರಡೂ ಆದವು. ತಹಶೀಲ್ದಾರರು ಶೇಗಡಿಯ ಬಗ್ಗೆ ಕೇಳಿದಾಗ ಹಜರತಬಿ ಎಲ್ಲವನ್ನೂ ಬಿಡಿಸಿ ಹೇಳಿದರು. ಜಾಲಿಯ ಇದ್ದಿಲು ಆರಿಸಿ ತಂದದ್ದು, ಹೊರಗೇ ಊದಿ ಹೊಗೆ ಪೂರ್ತಿ ಹೋದ ಮೇಲೆ ಒಳಗಿಟ್ಟದ್ದು. ಸೊಸೆಯನ್ನು ತಾನು ಎಷ್ಟು ಜೋಪಾನ ಮಾಡಿದ್ದೆ ಎಂದು ಹೇಳುತ್ತಿದ್ದೇನೆ ಎಂದೇ ಅವರು ತಿಳಿದಿದ್ದರು. ಕೇಳಲಾಗದೆ ನಾನು ಹೊರಗೆ ಬಂದೆ.

ಮಣ್ಣು ಮಾಡಿ ಬಂದ ಮೇಲೆ ಹಜರತಬಿ ಕೂಸಿನ ಪಕ್ಕ ಬಿಟ್ಟು ಕದಲಲಿಲ್ಲ. ಡಬ್ಬಿಯ ಹಾಲನ್ನು ಚಮಚದಲ್ಲಿ ಕುಡಿಸುವುದು, ಬಟ್ಟೆ ಬದಲಿಸುವುದು, ಎಲ್ಲ ಅವರದೇ ಕೈ. ಕೂಸನ್ನು ಮನೆಗೆ ಕಳಿಸಬಹುದು ಎನ್ನುವ ದಿನ ಬಂದಾಗ ದಾವಲಸಾಬ ನನ್ನ ಕೋಣೆಗೆ ಬಂದು ನಿಂತ. ಸಾವಿನ ಕಾರಣವನ್ನು ನಾನು ಆ ಮನೆಯಲ್ಲಿ ಅವನಿಗಷ್ಟೇ ಹೇಳಿದ್ದೆ.

“ಅವ್ವಗ ಹೇಳಬ್ಯಾಡ್ರಿ ಮೇಡಂ. ಎದಿ ನಿಂತು ಹ್ವಾದ್ಲು ಅಂತ ಹೇಳೇನಿ. ಖರೇ ತಿಳದ್ರ ಆಕಿ ಬಾವಿ ನೋಡ್ಕೊಂತಾಳ.”

ಅವನ ಮಾತು ನನಗೆ ಸರಿ ಎನ್ನಿಸಿತು. ಹೋದವಳು ಬರುವುದಿಲ್ಲ, ಉಳಿದವಳಿಗೆ ಯಾಕೆ ಈ ಬರೆ? ವೈದ್ಯರಾದ ನಾವೂ ಎಷ್ಟೋ ಸಲ ಬಾಯಿ ಮುಚ್ಚಿಕೊಂಡಿರುತ್ತೇವೆ, ತಪ್ಪೇನೂ ಅಲ್ಲ. ಆಗಲಿ ಎಂದು ವಾರ್ಡಿಗೆ ಹೋದೆ. ಕೂಸಿಗೆ ಟೊಪ್ಪಿಗೆ ಕಟ್ಟುತ್ತಿದ್ದ ಹಜರತಬಿ ನನ್ನನ್ನು ಕಂಡವರೇ ಹೇಳಿದರು.

“ತಾಯಿಲ್ದ ಕೂಸ್ರಿ ಬಾಯಾರ. ಎದಿ ಹಾಲಿನ ಶಾಖಾ ಇಲ್ಲ ಇದಕ್ಕ. ಎರಡು ಶೇಗಡಿ ಇಟ್ಟು ಕಾಸ್ತೇನಿ, ಥಂಡಿ ತಾಕಾಕ ಬಿಡೂದುಲ್ಲ.”

ಬರಿಯ ‘ಬೇಡ’ ಎಂದರೆ ಇವರು ಒಪ್ಪುವುದಿಲ್ಲ. ಒಪ್ಪಿದಂತೆ ತಲೆಯಾಡಿಸಿ, ಮೊದಲ ಚಳಿಗೆ ಪ್ರೀತಿಯಿಂದಲೇ ಇದ್ದಿಲು ಹಚ್ಚುತ್ತಾರೆ. ಯಾಕೆ ಬೇಡ ಎಂದು ಹೇಳಬೇಕು, ಹೇಳಿದರೆ ಶಮಶಾದಳ ಸಾವು ಅದರೊಳಗೇ ಬರುತ್ತದೆ. ಎದೆ ನಿಂತು ಹೋದಳೆಂಬ ಸುಳ್ಳಿನ ಜೊತೆ ಕೂಸನ್ನು ಕಳಿಸಲು ನನ್ನಿಂದಾಗಲಿಲ್ಲ. ಪರದೆ ಎಳೆದು ಅವರ ಎದುರು ಕೂತೆ.

“ಹಜರತಬಿ, ಶಮಶಾದ ಹ್ವಾದದ್ದು ಆ ಕೆಂಡದ ಗಾಳಿಯಿಂದ್ರಿ.”

“ಹೊಗಿ ಇರಲಿಲ್ರಿ,” ಎಂದರು ಅವರು. “ನಾನ ಊದಿ ಊದಿ ಹೊಗಿ ತಗದು ಇಟ್ಟೇನಿ.”

“ಹೊಗಿ ಇದ್ದಿದ್ರ ಆಕಿ ಕೆಮ್ಮಿ ಎದ್ದು ಹೊರಗ ಬರ್ತಿದ್ಲು. ಈ ಗಾಳಿ ಎಬ್ಬಸೂದುಲ್ಲ.”

ನಮ್ಮವ್ವ ನನಗೂ ಕಾಸಿದ್ದಳು, ನಾನು ಉಳಿದೆ, ಯಾಕೆಂದರೆ ನಮ್ಮದು ಹಂಚಿನ ಮನೆ, ಸಂದುಸಂದಿನಲ್ಲಿ ಗಾಳಿ ಆಡುತ್ತಿತ್ತು ಎಂದು ವಿವರಿಸಿದೆ. ಗಾಡಿಯಲ್ಲಿ ಗಾಳಿಗೆ ದಾರಿ ಇರಲಿಲ್ಲ ಎಂದೆ. ನಿಮ್ಮದು ತಪ್ಪಲ್ಲ, ಗೊತ್ತಿರಲಿಲ್ಲ ಎಂದೂ ಹೇಳಿದೆ. ಆ ಕೊನೆಯ ಮಾತು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಅಳಲಿಲ್ಲ. ಕೂಸನ್ನು ತೊಡೆಯಿಂದ ಎತ್ತಿ ನನ್ನ ಕಡೆ ಚಾಚಿದರು.

“ಇದನ್ನ ಯಾರಿಗರ ಕೊಡ್ರಿ. ಈ ಕೈಯಾಗ ಬ್ಯಾಡ.”

ಕೂಸನ್ನು ಉಳಿಸಲೆಂದು ಸತ್ಯ ಹೇಳಿದ್ದೆ. ಈಗ ಆ ಕೂಸಿಗೆ ಭೂಮಿಯ ಮೇಲಿದ್ದ ಒಂದೇ ಹೆಣ್ಣಿನ ಕೈ ತಪ್ಪಿಹೋಗುವಂತಿತ್ತು. ಹಗಲೆಲ್ಲ ದುಡಿಯುವ ಅಪ್ಪನೊಬ್ಬನಿಂದ ಅದು ಬದುಕುವುದು ಅನುಮಾನವೇ. ನನಗೆ ಭಯವಾಯಿತು, ಭಯವಾದರೆ ನನಗೆ ಸಿಟ್ಟೇ ಬರುತ್ತದೆ. ಕುಪ್ಪಸದ ಗುಂಡಿ ಬಿಚ್ಚಿ ಎಂದು ಅವರನ್ನು ಗದರಿಸಿದೆ. ಗಾಬರಿಯಲ್ಲಿ ಅವರು ಹೇಳಿದಂತೆ ಮಾಡಿದರು. ಕೂಸಿನ ಬಟ್ಟೆ ಬಿಚ್ಚಿ, ಟೊಪ್ಪಿಗೆ, ಲಂಗೋಟಿಯಷ್ಟೇ ಉಳಿಸಿ, ಅವರ ಎದೆಯ ನಡುವೆ ಅಂಗಾತ ಅಲ್ಲ, ಬೋರಲಾಗಿ ಅಂಟಿಸಿ ಮಲಗಿಸಿ, ಮೇಲೆ ಸೀರೆ, ಅದರ ಮೇಲೆ ಶಾಲು ಸುತ್ತಿದೆ. ಇದಕ್ಕೆ ಕಾಂಗರೂ ಆರೈಕೆ ಎನ್ನುತ್ತೇವೆ. ತೂಕ ಕಡಿಮೆಯ ಕೂಸುಗಳಿಗೆ ಹೇಳಿಕೊಡುವುದು. ತಾಯಿಯೇ ಆಗಬೇಕೆಂದಿಲ್ಲ, ಅಜ್ಜಿಯ ಮೈಯೂ ನಡೆಯುತ್ತದೆ. ಸ್ವಲ್ಪ ಹೊತ್ತು ಕಳೆದ ಮೇಲೆ ಅವರ ಬೆರಳು ಹಿಡಿದು ಕೂಸಿನ ಅಂಗಾಲಿಗೆ ಮುಟ್ಟಿಸಿದೆ. ಬೆಚ್ಚಗಿತ್ತು.

“ಬೆಂಕಿ ಬ್ಯಾಡ್ರಿ. ಇಷ್ಟ ಸಾಕು ಇದಕ್ಕ.”

ಆಗ ಅವರು ಅತ್ತರು. ನಾನೂ ಅತ್ತೆ.

ಆ ಹಂಗಾಮು ಗಾದಿ ಗಾಡಿ ಮತ್ತೆ ಹೊರಡಲಿಲ್ಲ. ಸವಣೂರಿನ ಕೋಣೆಯ ಕಿಟಕಿ ತೆರೆದಿಟ್ಟುಕೊಂಡು ಮಲಗುತ್ತೇವೆ ಎಂದು ದಾವಲಸಾಬ ಫೋನಿನಲ್ಲಿ ಹೇಳುತ್ತಿದ್ದ. ಅವ್ವ ಊಟ ಬಿಟ್ಟಿದ್ದಾಳೆ ಎಂದು ಒಂದು ಸಲ, ತಿನ್ನುತ್ತಿದ್ದಾಳೆ ಎಂದು ಇನ್ನೊಂದು ಸಲ.

ಲಸಿಕೆಯ ದಿನ ಅವರು ಸವಣೂರಿನ ಆಸ್ಪತ್ರೆ ಬಿಟ್ಟು ನಮ್ಮಲ್ಲಿಗೇ ಬಂದರು. ಕೂಸು ತೂಕ ಕಟ್ಟಿತ್ತು. ಹಜರತಬಿ ಬಹಳ ಇಳಿದುಹೋಗಿದ್ದರು. ಸರದಿಯಲ್ಲಿ ಅವರ ಮುಂದೆ ಬಂಕಾಪುರದ ಕಡೆಯ ಒಬ್ಬ ಬಾಣಂತಿ ತನ್ನ ಅತ್ತೆಯ ಜೊತೆ ಕೂತಿದ್ದಳು. ಯಾರೂ ಕೇಳದೆ, ಯಾರ ಪರಿಚಯವೂ ಇಲ್ಲದೆ ಹಜರತಬಿ ಆ ಅತ್ತೆಯ ಕಡೆ ತಿರುಗಿ, ರಾತ್ರಿ ಬಾಗಿಲು ಹಾಕಿ ಕೆಂಡ ಇಡುತ್ತೀರೇನು ಎಂದು ವಿಚಾರಿಸಿದರು. ಆಕೆ ಹೌದೆಂದಳು.

ನಾನು ಮೂವತ್ತು ವರ್ಷ ಸರ್ಕಾರದ ಸಂಬಳ ತಿಂದು ಜನರಿಗೆ ಬೇಡ ಎನ್ನುವುದನ್ನೇ ಹೇಳಿಕೊಂಡು ಬಂದವಳು. ಒಂದು ಕೈಯಿಂದ ಏನನ್ನಾದರೂ ಬಿಡಿಸಿದರೆ ಆ ಕೈಗೆ ಬೇರೇನನ್ನಾದರೂ ಕೊಟ್ಟೇ ಎದ್ದು ಬರಬೇಕು ಎಂಬುದನ್ನು ಆ ಪರದೆಯ ಹಿಂದೆ ಕಲಿತೆ. ಸತ್ಯ ಹೇಳಿದ್ದು ಸರಿಯೇ ಎಂಬ ಪ್ರಶ್ನೆ ಮಾತ್ರ ನನ್ನನ್ನು ಅಂದಿನವರೆಗೂ ಬಿಟ್ಟಿರಲಿಲ್ಲ. ಆ ಬೆಳಿಗ್ಗೆ ಹಜರತಬಿ ಕೂಸನ್ನು ಎದೆಯ ಮೇಲೆ ಸರಿಪಡಿಸಿಕೊಂಡು, ದನಿ ತಗ್ಗಿಸದೆ, ಇಡೀ ಸರದಿಗೆ ಕೇಳುವಂತೆ ಹೇಳಿದರು.

“ಇವತ್ತ ಹೊರಗ ಒಗೀರಿ ಆ ಶೇಗಡಿನ. ನನ್ನ ಸೊಸಿ ಅದರಾಗ ಹ್ವಾದ್ಲು. ಇಟ್ಟಾಕಿ ನಾನ.”